ಉಂಡೆಯಾಗಿ ಕುಳಿತ ಮರಿ: ಹೆದರುವ ಬಾಲ್ ಪೈಥಾನ್‌ಗೆ ಕೈ ಅಭ್ಯಾಸ ಮಾಡಿಸುವ ಬಗೆ

ಬಟ್ಟೆ ಚೀಲದ ಗಂಟು ಬಿಚ್ಚಿದಾಗ ಒಳಗಿದ್ದದ್ದು ಹಾವಿನಂತೆ ಕಾಣಲಿಲ್ಲ. ಕಂದು ಮೈ, ಕಪ್ಪು ಪಟ್ಟೆ, ಮುಸುಂಬಿಗಿಂತ ತುಸು ಚಿಕ್ಕದಾದ ಒಂದು ಉಂಡೆ ಮೂಲೆಯಲ್ಲಿತ್ತು. ತಲೆ ಎಲ್ಲಿದೆ ಎಂದು ಹುಡುಕಲು ಎರಡು ನಿಮಿಷ ಬೇಕಾಯಿತು. ಸುರುಳಿಗಳ ನಡುವೆ ಅದನ್ನು ಹುದುಗಿಸಿಕೊಂಡಿತ್ತು. ಬೆಂಗಳೂರಿನಿಂದ ಶಿರಸಿಯ ನಮ್ಮ ಹಂಚಿನ ಮನೆಗೆ ರಾತ್ರಿಯಿಡೀ ಕಾರಿನಲ್ಲಿ ಬಂದ ಆರು ವಾರದ ಬಾಲ್ ಪೈಥಾನ್ ಮರಿ, 74 ಗ್ರಾಂ ತೂಕ. ಹೆಸರಿಗಾಗಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಉಂಡೆ ಎಂದೇ ಆಯಿತು.

ಮೊದಲ ವಾರ ನಾನು ಮಾಡಬಾರದ್ದನ್ನೆಲ್ಲ ಮಾಡಿದೆ. ಬಂದವರಿಗೆಲ್ಲ ಎತ್ತಿ ತೋರಿಸಿದೆ. ಅದೇ ವಾರ ನಾಗರ ಪಂಚಮಿ ಬೇರೆ. ಅಜ್ಜಿ ಅರಿಶಿನ, ಹೂವು, ಒಂದು ಲೋಟ ಹಾಲು ಹಿಡಿದು ಬಂದು "ಹಾಲಾದರೂ ಇಡಬೇಕಲ್ಲವೇ ತಮಾ" ಎಂದಳು. ಹಾವು ಹಾಲು ಕುಡಿಯುವ ಪ್ರಾಣಿಯಲ್ಲ, ಅದು ಅದಕ್ಕೆ ಜೀರ್ಣವೂ ಆಗುವುದಿಲ್ಲ ಎಂದು ಹೇಳಿ ಅವಳನ್ನು ಒಪ್ಪಿಸುವಷ್ಟರಲ್ಲಿ ಸಾಕಾಯಿತು. ಈ ಗಲಾಟೆಗೆ ಉಂಡೆ ಕೊಟ್ಟ ಉತ್ತರ ಸರಳವಾಗಿತ್ತು: ನಾಲ್ಕು ವಾರ ಏನೂ ತಿನ್ನಲಿಲ್ಲ. ಮುಂದಿನದೆಲ್ಲ ಆ ನಾಲ್ಕು ವಾರಗಳಲ್ಲಿ ಮತ್ತು ಅನಂತರ ನಾನು ನಿಧಾನವಾಗಿ ಕಲಿತದ್ದು.

ಮೊದಲು ಕಾನೂನು

ಇದನ್ನು ಕೊನೆಗೆ ತಳ್ಳುವಂತಿಲ್ಲ. ತೋಟದಲ್ಲಿ ಸಿಕ್ಕ ಕೇರೆ ಹಾವಿನ ಮರಿಯನ್ನೋ ಹೆಬ್ಬಾವಿನ ಮರಿಯನ್ನೋ ತಂದು ಸಾಕುವಂತಿಲ್ಲ. ನಮ್ಮ ನೆಲದ ಹಾವುಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಹಿಡಿದಿಟ್ಟುಕೊಂಡರೆ ಜೈಲು ಸೇರಬೇಕಾಗುತ್ತದೆ. ಅಂಗಳಕ್ಕೆ ಬಂದ ಹಾವಿನ ವಿಷಯ ಅರಣ್ಯ ಇಲಾಖೆಯದು.

ಬಾಲ್ ಪೈಥಾನ್ ಪಶ್ಚಿಮ ಮತ್ತು ಮಧ್ಯ ಆಫ್ರಿಕದ, ವಿಷವಿಲ್ಲದ ಹಾವು. ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿ ಅದರ ಹೆಸರಿದೆ. ಹಾಗಾಗಿ 2022ರ ತಿದ್ದುಪಡಿಯ ಬಳಿಕ ನಮ್ಮ ಕಾಯ್ದೆಯ ನಾಲ್ಕನೆಯ ಅನುಸೂಚಿಯ ವ್ಯಾಪ್ತಿಗೂ ಬರುತ್ತದೆ. 2024ರ ಫೆಬ್ರುವರಿಯಲ್ಲಿ ಬಂದ ನಿಯಮಗಳ ಪ್ರಕಾರ ಇಂಥ ಪ್ರಾಣಿ ಕೈಗೆ ಬಂದ 30 ದಿನಗಳೊಳಗೆ ಕೇಂದ್ರ ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಣಿಗೆ ಅರ್ಜಿ ಹಾಕಬೇಕು. ಮಾರುವವರು ಕಾಗದಪತ್ರ ಕೊಡಲು ಮೀನಮೇಷ ಎಣಿಸಿದರೆ ಅಲ್ಲಿಗೇ ಬಿಡಿ. ಮರಿ ಎಷ್ಟೇ ಚೆಂದವಿರಲಿ.

ಇನ್ನೊಂದು ಮಾತು: ಈ ಹಾವು ಚೆನ್ನಾಗಿ ಸಾಕಿದರೆ 20ರಿಂದ 30 ವರ್ಷ ಬದುಕುತ್ತದೆ. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯದಲ್ಲಿ 60 ದಾಟಿದ ಹೆಣ್ಣೊಂದು 2020ರಲ್ಲಿ ಮೊಟ್ಟೆ ಇಟ್ಟಿತ್ತು. ಪಿಯುಸಿ ಓದುವ ಹುಡುಗ ಹಟ ಹಿಡಿದು ತರಿಸಿಕೊಂಡ ಹಾವನ್ನು ಅವನು ಕೆಲಸಕ್ಕೆಂದು ಊರು ಬಿಟ್ಟ ಮೇಲೆ ನೋಡಿಕೊಳ್ಳುವವರು ಯಾರು? ಇದಕ್ಕೆ ಮನೆಯಲ್ಲಿ ಉತ್ತರ ಸಿಕ್ಕ ಮೇಲೆ ಮುಂದಿನ ಮಾತು.

ಮರಿ ಯಾಕೆ ಹೆದರುತ್ತದೆ

ಅದರ ತವರಿನಲ್ಲಿ ಈ ಹಾವು ಹಗಲೆಲ್ಲ ಇಲಿಯ ಬಿಲದಲ್ಲೋ ಗೆದ್ದಲಿನ ಹುತ್ತದಲ್ಲೋ ಇರುತ್ತದೆ. ಕತ್ತಲಾದ ಮೇಲೆ ಹೊರಗೆ ಬರುತ್ತದೆ. ಮೈ ನಾಲ್ಕೂ ಕಡೆ ಗೋಡೆಗೆ ತಾಗುತ್ತಿದ್ದರೆ ಅದಕ್ಕೆ ನೆಮ್ಮದಿ. ಮೇಲಿನಿಂದ ಎರಗುವುದು ಅದರ ಮಟ್ಟಿಗೆ ಹದ್ದು ಅಥವಾ ಮುಂಗುಸಿ. ನಮ್ಮ ಕೈಯೂ ಮೇಲಿನಿಂದಲೇ ಬರುತ್ತದೆ, ಬಿಸಿಯಾಗಿಯೂ ಇರುತ್ತದೆ. ಮೇಲ್ದುಟಿಯ ಅಂಚಿನಲ್ಲಿ ಸಾಲಾಗಿರುವ ಸಣ್ಣ ಗುಳಿಗಳಿಂದ ಅದು ಆ ಬಿಸಿಯನ್ನು ಕತ್ತಲಲ್ಲೂ ಗ್ರಹಿಸುತ್ತದೆ. ತನಗಿಂತ ಸಾವಿರ ಪಟ್ಟು ಭಾರದ ಬಿಸಿ ಪ್ರಾಣಿಯೊಂದು ತಲೆಯ ಮೇಲೆ ಇಳಿದರೆ 74 ಗ್ರಾಂ ಮರಿಗೆ ತೋಚುವುದು ಎರಡೇ: ಉಂಡೆಯಾಗುವುದು, ಇಲ್ಲವೇ ಕಚ್ಚುವುದು.

ನಾಯಿಮರಿಯಂತೆ ಇದು ನಮ್ಮನ್ನು ಹಚ್ಚಿಕೊಳ್ಳುವುದಿಲ್ಲ. ಈ ಬಿಸಿ ಪ್ರಾಣಿ ತನ್ನನ್ನು ತಿನ್ನುವುದಿಲ್ಲ ಎಂಬುದಷ್ಟನ್ನು ಕಲಿಯುತ್ತದೆ. ಆ ಒಂದು ಪಾಠ ಅದರ ತಲೆಗೆ ಹೋಗಲು ಬೇಕಾದ ಕಾಲವನ್ನು ನಾನು ದಿನಗಳಲ್ಲಿ ಎಣಿಸುವುದನ್ನು ಬಿಟ್ಟಿದ್ದೇನೆ. ಎಷ್ಟು ಊಟ ಆಯಿತು, ಎಷ್ಟು ಸಲ ಪೊರೆ ಬಿಟ್ಟಿತು ಎಂದು ಎಣಿಸುತ್ತೇನೆ.

ಪೆಟ್ಟಿಗೆ ಸಿದ್ಧಪಡಿಸುವುದು

ಪಳಗಿಸುವ ಕೆಲಸದ ಮುಕ್ಕಾಲು ಪಾಲು ಇಲ್ಲಿಯೇ ಮುಗಿಯುತ್ತದೆ. ಮರಿಗೆ ದೊಡ್ಡ ಗಾಜಿನ ಅರಮನೆ ಬೇಡ. ಎರಡೂ ಬದಿಗೆ ಕ್ಲಿಪ್ ಇರುವ 25-30 ಲೀಟರಿನ ಪ್ಲಾಸ್ಟಿಕ್ ಪೆಟ್ಟಿಗೆ ಸಾಕು. ಗೋಡೆಗಳಿಗೆ ಕಾದ ಸರಳಿನಿಂದ ಸಣ್ಣ ತೂತು ಮಾಡಿ. ಮರಿಯ ತಲೆ ತೂರುವಷ್ಟು ದೊಡ್ಡದಾಗಬಾರದು, ಒಳಗಿನ ಅಂಚು ಚೂಪಾಗಿಯೂ ಇರಬಾರದು.

ಅಡಗಲು ಎರಡು ಗೂಡು ಬೇಕು, ಒಂದು ಬೆಚ್ಚನೆಯ ಬದಿಗೆ, ಒಂದು ತಂಪಿನ ಬದಿಗೆ. ಒಂದೇ ಇಟ್ಟರೆ ಹಾವು ನೆಮ್ಮದಿಗೂ ಶಾಖಕ್ಕೂ ನಡುವೆ ಒಂದನ್ನು ಆರಿಸಬೇಕಾಗುತ್ತದೆ. ಅಂಗಡಿಯಲ್ಲಿ ಸಿಗುವ ಬಣ್ಣದ ಗುಹೆಗಳಿಗಿಂತ ನಮ್ಮ ಹಿತ್ತಲಿನ ತೆಂಗಿನ ಗರಟೆಯೇ ಮೇಲು. ದೊಡ್ಡ ಕಾಯಿಯ ಅರ್ಧ ಗರಟೆ ತೆಗೆದುಕೊಂಡು, ನಾರನ್ನೆಲ್ಲ ಹೆರೆದು, ಅಂಚಿನಲ್ಲಿ ಎರಡು ಬೆರಳಗಲದ ಬಾಗಿಲು ಕೊರೆದು, ಮರಳು ಕಾಗದದಿಂದ ಉಜ್ಜಿ, ಕುದಿಯುವ ನೀರಿನಲ್ಲಿ ಅದ್ದಿ ಒಣಗಿಸಿ ಬೋರಲು ಹಾಕಿದೆ. ಉಂಡೆ ಅದರೊಳಗೆ ಅಳತೆ ಕೊಟ್ಟು ಮಾಡಿಸಿದಂತೆ ಕುಳಿತುಕೊಂಡಿತು. ಅಡಿಕೆ ಹಾಳೆಯನ್ನೂ ಬಾಗಿಸಿ ಇಟ್ಟು ನೋಡಿದೆ. ಮಳೆಗಾಲದಲ್ಲಿ ಹತ್ತೇ ದಿನಕ್ಕೆ ಬೂಷ್ಟು ಹಿಡಿಯಿತು. ಗರಟೆಯಾದರೂ ಮರಿ ಸಣ್ಣದಿರುವ ಕೆಲವೇ ತಿಂಗಳ ಮಾತು. ಆಮೇಲೆ ಮಣ್ಣಿನ ಕುಂಡವನ್ನು ಅಡ್ಡಕ್ಕೆ ಮಲಗಿಸಬೇಕು.

ಹಾಸಿಗೆಗೆ ಮೊದಲ ಒಂದು ತಿಂಗಳು ಬರೀ ಬಿಳಿ ಕಾಗದ. ನೋಡಲು ಬಡತನವೆನಿಸಿದರೂ ಹಿಕ್ಕೆಯ ಸ್ಥಿತಿ ಅದರ ಮೇಲೆ ಚೆನ್ನಾಗಿ ತಿಳಿಯುತ್ತದೆ, ರಕ್ತ ಹೀರುವ ಉಣ್ಣಿಯಂಥ ಕಪ್ಪು ಹುಳುಗಳಿದ್ದರೆ ಅವೂ ಕಾಣುತ್ತವೆ. ಆಮೇಲೆ ತೆಂಗಿನ ಸಿಪ್ಪೆಯ ಪುಡಿ.

ಬೆಚ್ಚನೆಯ ಬದಿ 31-32 ಡಿಗ್ರಿ ಸೆಲ್ಸಿಯಸ್, ತಂಪಿನ ಬದಿ 25-27. ಹೀಟ್ ಮ್ಯಾಟ್ (ಕರೆಂಟಿನಿಂದ ಬಿಸಿಯಾಗುವ ತೆಳು ಹಾಸು) ಪೆಟ್ಟಿಗೆಯ ಹೊರಗೆ, ತಳದ ಮೂರನೆಯ ಒಂದು ಭಾಗದಷ್ಟಕ್ಕೆ ಮಾತ್ರ ಇರಲಿ. ಬಿಸಿಯನ್ನು ಹದದಲ್ಲಿಡುವ ಥರ್ಮೋಸ್ಟಾಟ್ ಇಲ್ಲದೆ ಮ್ಯಾಟ್ ಹಾಕಲೇಬೇಡಿ. ಹೊಟ್ಟೆ ಸುಡುತ್ತಿದ್ದರೂ ಹಾವು ಅಲ್ಲಿಂದ ಏಳದೆ ಕುಳಿತಿರುವುದುಂಟು. ಕೈಯಿಟ್ಟು ಬಿಸಿ ನೋಡಿ "ಸಾಕು" ಎನ್ನುವವರ ಹಾವುಗಳಿಗೇ ಸುಟ್ಟ ಗಾಯ ಆಗುವುದು.

ಘಟ್ಟದ ಮೇಲೆ, ಘಟ್ಟದ ಕೆಳಗೆ

ಪುಸ್ತಕಗಳಲ್ಲಿ ಬರೆದ ತೇವಾಂಶದ ಲೆಕ್ಕ ನಮ್ಮ ಜಿಲ್ಲೆಗೆ ಹಾಗೆಯೇ ಹೊಂದುವುದಿಲ್ಲ. ಇದಕ್ಕೆ ಶೇಕಡ 60-70ರಷ್ಟು ತೇವ ಬೇಕು. ಕಾರವಾರ, ಕುಮಟಾದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ಹಿಂಡಿದರೆ ನೀರು ಬರುವಂತಿರುತ್ತದೆ. ಅಲ್ಲಿ ಪೆಟ್ಟಿಗೆಗೆ ನೀರು ಚಿಮುಕಿಸುವುದನ್ನು ನಿಲ್ಲಿಸಿ, ತೂತುಗಳನ್ನು ಹೆಚ್ಚಿಸಿ. ಹಾಸು ಒದ್ದೆಯಾಗಿಯೇ ಉಳಿದರೆ ಹೊಟ್ಟೆಯ ಹುರುಪೆಗಳು ಕೊಳೆಯುತ್ತವೆ. ಶಿರಸಿಯಲ್ಲಿ ತೊಂದರೆ ತಿರುವುಮುರುವು: ಡಿಸೆಂಬರ್-ಜನವರಿಯ ರಾತ್ರಿ ಒಣ ಚಳಿ. ಆಗ ನೀರಿನ ಬಟ್ಟಲನ್ನು ಬೆಚ್ಚನೆಯ ಬದಿಗೆ ಸರಿಸುತ್ತೇನೆ, ಒಂದು ಗರಟೆಯೊಳಗೆ ಒದ್ದೆ ಪಾಚಿ ಹಾಕುತ್ತೇನೆ.

ಮಳೆಗಾಲದಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೆ ಎಂಬುದನ್ನು ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಬಿಸಿನೀರು ತುಂಬಿದ ಬಾಟಲಿಗೆ ಟವೆಲ್ ಸುತ್ತಿ ಪೆಟ್ಟಿಗೆಯ ಹೊರಗೋಡೆಗೆ ಒರಗಿಸಿ, ಮೇಲೆ ಕಂಬಳಿ ಹೊದಿಸಿ, ತೂತುಗಳನ್ನು ಮುಚ್ಚದಂತೆ ನೋಡಿಕೊಳ್ಳಿ. ಶಾಖ ಇಲ್ಲದ ದಿನ ಊಟ ಹಾಕಬೇಡಿ. ತಣ್ಣಗಾದ ಹಾವಿನ ಹೊಟ್ಟೆಯಲ್ಲಿ ಇಲಿ ಕರಗದೆ ವಾಂತಿಯಾಗುತ್ತದೆ, ಮತ್ತೆ ಹತ್ತು ಹನ್ನೆರಡು ದಿನ ಊಟ ನಿಲ್ಲಿಸಬೇಕಾಗುತ್ತದೆ. ಆ ಕೋಣೆಯಲ್ಲಿ ಸೊಳ್ಳೆ ಬತ್ತಿ, ಜಿರಳೆ ಔಷಧ, ನುಸಿ ಗುಳಿಗೆ ಯಾವುದೂ ಬೇಡ.

ಮುಟ್ಟದೆ ಇರುವುದು

ಮನೆಗೆ ಬಂದ ಮೊದಲ ಏಳೆಂಟು ದಿನ ನೀರು ಬದಲಿಸಿ, ಕೊಳೆ ತೆಗೆಯಿರಿ, ಅಷ್ಟೇ. ಪೆಟ್ಟಿಗೆಯ ಮೂರು ಬದಿಗೆ ಕಾಗದ ಅಂಟಿಸಿ. ಮಿಕ್ಸರ್, ಟಿವಿ ಇರುವ ಕಡೆ ಇಡಬೇಡಿ. ಹೊರಗಿವಿ ಇಲ್ಲದಿದ್ದರೂ ನೆಲದ ಕಂಪನ ದವಡೆಯ ಮೂಳೆಯ ಮೂಲಕ ಅದಕ್ಕೆ ತಲುಪುತ್ತದೆ.

ವಾರ ಕಳೆದ ಮೇಲೆ ಮೊದಲ ಊಟ. ಮರಿಯ ಮೈಯ ಅತಿ ದಪ್ಪ ಭಾಗಕ್ಕಿಂತ ಹೆಚ್ಚು ದಪ್ಪವಿರದ ಇಲಿಮರಿ, ತೂಕದಲ್ಲಿ ಹಾವಿನ ಹತ್ತನೆಯ ಒಂದು ಭಾಗದಷ್ಟು. ಸತ್ತ, ಶೀತಲೀಕರಿಸಿದ ಇಲಿಯನ್ನು ಬಿಸಿನೀರಿನಲ್ಲಿ ಕರಗಿಸಿ, ಉದ್ದ ಇಕ್ಕಳದಲ್ಲಿ ಹಿಡಿದು ಕತ್ತಲಾದ ಮೇಲೆ ಕೊಡಿ. ಜೀವಂತ ಇಲಿ ಬೇಡ; ಮೂಲೆಗೆ ಸಿಕ್ಕ ಇಲಿ ಹಾವನ್ನೇ ಕಚ್ಚಿ ಗಾಯ ಮಾಡುತ್ತದೆ. ತಿನ್ನದಿದ್ದರೆ ಬೆಳಗ್ಗೆ ತೆಗೆದುಹಾಕಿ, ಒಂದು ವಾರ ಕಾದು ಮತ್ತೆ ಪ್ರಯತ್ನಿಸಿ. ಮರುದಿನವೇ ಮತ್ತೊಂದು ಇಲಿ ಹಿಡಿದು ಹೋಗುವುದು, ಜಾಗ ಬದಲಿಸುವುದು, ಬಾಯಿಗೆ ತುರುಕುವುದು ಎಲ್ಲವೂ ಹೆದರಿಕೆಯನ್ನು ಹೆಚ್ಚಿಸುವ ದಾರಿಗಳು. ನಾನು ಮೊದಲ ಎರಡನ್ನು ಮಾಡಿಯೇ ತಿಳಿದುಕೊಂಡೆ.

ಒಂದು ನೋಟ್‌ಬುಕ್ ಇಡಿ. ನನ್ನದರ ಒಂದು ಪುಟ ಹೀಗಿದೆ:

ಬುಧವಾರ. 71 ಗ್ರಾಂ. ಕೊಟ್ಟೆ, ತಿನ್ನಲಿಲ್ಲ. ಕರೆಂಟಿಲ್ಲ.
ಬುಧವಾರ. 70 ಗ್ರಾಂ. ತಿನ್ನಲಿಲ್ಲ. ಇಡೀ ದಿನ ತಂಪಿನ ಗರಟೆಯಲ್ಲಿ.
ಬುಧವಾರ. 70 ಗ್ರಾಂ. ರಾತ್ರಿ 9:40ಕ್ಕೆ ತಿಂದಿತು!! ಯಾರಿಗೂ ತೋರಿಸಿಲ್ಲ.

ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಅದರದೇ ಒಂದು ಡಬ್ಬಿ ಇಟ್ಟು ವಾರಕ್ಕೊಮ್ಮೆ ತೂಗುತ್ತೇನೆ. ಗರಟೆಯ ಸಮೇತ ಎತ್ತಿ ಡಬ್ಬಿಗೆ ಇಳಿಸಿದರೆ ಮುಟ್ಟಿದಂತಾಗುವುದಿಲ್ಲ. ಒಂದೆರಡು ಗ್ರಾಂ ಇಳಿದರೆ ಗಾಬರಿ ಬೇಡ. ತೂಕದ ಹತ್ತನೆಯ ಒಂದು ಭಾಗ ಇಳಿದರೆ ಹಾವು ನೋಡಿ ಗೊತ್ತಿರುವ ಪಶುವೈದ್ಯರನ್ನು ಕಾಣಬೇಕು. ನಮ್ಮ ಕಡೆ ವೈದ್ಯರ ಕೈಗೆ ದಿನವೂ ಬರುವುದು ಆಕಳು, ಎಮ್ಮೆ, ನಾಯಿ. ಅಂಥ ವೈದ್ಯರು ಎಲ್ಲಿದ್ದಾರೆ ಎಂಬುದನ್ನು ಹಾವು ತರುವ ಮೊದಲೇ ವಿಚಾರಿಸಿಟ್ಟುಕೊಳ್ಳಿ.

ಮೂರು ಊಟವನ್ನು ಸತತವಾಗಿ ತಿಂದ ಮೇಲೆ ಕೈ ಹಾಕಬಹುದು. ಅದಕ್ಕಿಂತ ಮೊದಲಲ್ಲ.

ಮೈಯ ಮಾತು

ನಾಲಿಗೆ ನಿಧಾನವಾಗಿ ಮೇಲೆ ಕೆಳಗೆ ಆಡುತ್ತಿದ್ದರೆ ಅದು ಮೂಸಿ ನೋಡುತ್ತಿದೆ; ಒಳ್ಳೆಯ ಲಕ್ಷಣ. ನಾಲಿಗೆ ನಿಂತು, ಕತ್ತು ಹಿಂದಕ್ಕೆ ಹೋಗಿ ಕೊಕ್ಕೆಯಂತೆ ಮಡಚಿಕೊಂಡರೆ ಕಚ್ಚಲು ಸಜ್ಜಾಗಿದೆ. ಬುಸುಗುಟ್ಟುವುದು ಎಚ್ಚರಿಕೆ. ಉಂಡೆಯಾಗಿ ತಲೆ ಮುಚ್ಚಿಕೊಂಡರೆ "ಪಾಪ, ಸುಮ್ಮನಿದೆ" ಎಂದು ಎತ್ತಿಕೊಳ್ಳುವವರೇ ಹೆಚ್ಚು. ಅದು ಸುಮ್ಮನಿರುವುದಲ್ಲ, ಹೆದರಿಕೆಯ ತುದಿ.

ಕಣ್ಣು ಹಾಲು ಬೆರೆಸಿದ ನೀಲಿಯಂತೆ ಮಬ್ಬಾಗಿದ್ದರೆ ಪೊರೆ ಬಿಡುವ ಕಾಲ ಹತ್ತಿರವಾಗಿದೆ. ದೃಷ್ಟಿ ಮಂದ, ಚರ್ಮ ಸೂಕ್ಷ್ಮ. ಪೊರೆ ಪೂರ್ತಿ ಕಳಚುವವರೆಗೆ ಮುಟ್ಟಬೇಡಿ. ಊಟವಾದ 48 ಗಂಟೆಗಳೊಳಗೂ ಬೇಡ. ಬಾಯಿ ತೆರೆದು ಉಸಿರಾಡುತ್ತಿದ್ದರೆ, ಮೂತಿಯಲ್ಲಿ ನೊರೆ ಕಂಡರೆ ಅದು ಹೆದರಿಕೆಯಲ್ಲ, ಉಸಿರಾಟದ ಸೋಂಕು. ನೇರವಾಗಿ ವೈದ್ಯರ ಬಳಿಗೆ.

ಮೊದಲ ಸಲ ಎತ್ತುವುದು

ಇದನ್ನು ಮೂರು ಹಂತ ಮಾಡಿಕೊಳ್ಳಿ. ಒಂದೊಂದಕ್ಕೂ ಒಂದು ವಾರ ಹಿಡಿದರೂ ತಪ್ಪಲ್ಲ.

ಮೊದಲನೆಯದು, ಬರೀ ಕೈ. ಸಂಜೆ ಹೊತ್ತು, ಸೋಪಿನಿಂದ ಕೈ ತೊಳೆದು, ಪೆಟ್ಟಿಗೆಯ ಮುಚ್ಚಳ ತೆಗೆದು, ಹಾವಿನಿಂದ ಒಂದು ಗೇಣು ದೂರದಲ್ಲಿ ಅಂಗೈ ಮೇಲೆ ಮಾಡಿ ಇಡಿ. ಐದು ನಿಮಿಷ ಅಲುಗಾಡಬೇಡಿ. ಮೊಬೈಲ್ ದೂರವಿರಲಿ. ಕರಾವಳಿಯ ಗೆಳೆಯರು ಕೇಳುತ್ತಾರೆ, ಬಂಗುಡೆ ಕೊಯ್ದ ಕೈಗೆ ಅಡ್ಡಿಯಿಲ್ಲವೇ ಎಂದು. ಮೀನು ಇದರ ಊಟವಲ್ಲ, ಆದರೂ ತೊಳೆಯಿರಿ. ನಿಜವಾದ ಅಪಾಯ ಇಲಿ ಮುಟ್ಟಿದ ಕೈಯದು: ಬಿಸಿಯೂ ಇದೆ, ಇಲಿಯ ವಾಸನೆಯೂ ಇದೆ ಎಂದಾದರೆ ಹಾವು ಬೆರಳನ್ನೇ ಊಟ ಎಂದುಕೊಂಡರೆ ತಪ್ಪು ಅದರದಲ್ಲ. ಮೂರನೆಯ ಸಂಜೆ ಉಂಡೆ ಗರಟೆಯ ಬಾಗಿಲಿನಿಂದ ಮೂತಿ ಹೊರಗೆ ಹಾಕಿ ನನ್ನ ಕಿರುಬೆರಳಿನತ್ತ ನಾಲಿಗೆ ಚಾಚಿತು. ತಾಗಿಸಲಿಲ್ಲ. ಮತ್ತೆ ಒಳಗೆ ಹೋಯಿತು. ಅಂದಿಗೆ ಅಷ್ಟು ಸಾಕಾಗಿತ್ತು.

ಎರಡನೆಯದು, ಸ್ಪರ್ಶ. ಕೈ ಹಾಕುವ ಮೊದಲು ಹಾವಿಗೆ ಒಂದು ಸೂಚನೆ ಕೊಡಿ. ಕಾಗದವನ್ನು ಪೆನ್ಸಿಲ್ ದಪ್ಪಕ್ಕೆ ಸುರುಳಿ ಮಾಡಿ ಅದರಿಂದ ಮೈಯ ನಡುಭಾಗವನ್ನು ಮೆಲ್ಲಗೆ ತಟ್ಟಿ. ಊಟದ ದಿನ ಕಾಗದ ಬರುವುದಿಲ್ಲ, ಕೈ ಬರುವ ದಿನ ಕಾಗದ ಮೊದಲು ಬರುತ್ತದೆ. ಕೆಲವೇ ವಾರಗಳಲ್ಲಿ ಹಾವು ಈ ವ್ಯತ್ಯಾಸ ಹಿಡಿಯುತ್ತದೆ. ತಟ್ಟಿದ ಮೇಲೆ ಬದಿಯಿಂದ ಬೆರಳು ತಂದು ಬೆನ್ನನ್ನು ಸವರಿ. ತಲೆಯ ಹತ್ತಿರ ಹೋಗಬೇಡಿ. ಪಳಗಿದ ಹಾವುಗಳೂ ತಲೆ ಮುಟ್ಟಿದರೆ ಬೆಚ್ಚುತ್ತವೆ.

ಮೂರನೆಯದು ಎತ್ತುವುದು. ನೆಲದ ಮೇಲೆ ಚಾಪೆ ಹಾಸಿ ಕುಳಿತುಕೊಳ್ಳಿ. ಬಿದ್ದರೂ ಒಂದು ಗೇಣಿನ ಎತ್ತರದಿಂದ ಬೀಳಲಿ. ಫ್ಯಾನ್ ಆರಿಸಿ. ಗೂಡನ್ನು ನಿಧಾನವಾಗಿ ಎತ್ತಿ ಪಕ್ಕಕ್ಕಿಡಿ. ಗೂಡಿನೊಳಗಿಂದ ಎಂದೂ ಎಳೆಯಬೇಡಿ. ಕಾಗದದಿಂದ ತಟ್ಟಿ, ಒಂದು ಕೈಯನ್ನು ಬದಿಯಿಂದ ಮೈಯ ನಡುಭಾಗದ ಅಡಿಗೆ ಸರಿಸಿ, ಇನ್ನೊಂದನ್ನು ಬಾಲದ ಕಡೆಗೆ ಕೊಟ್ಟು ಒಂದೇ ಗತಿಯಲ್ಲಿ ಎತ್ತಿ. ಕೈ ಮುಂದೆ ಹಾಕಿ ಹಿಂದೆಗೆಯುವುದು, ಮತ್ತೆ ಹಾಕುವುದು ಮಾಡಿದರೆ ಅದಕ್ಕೆ ನೀವು ಹೊಂಚು ಹಾಕುವ ಬೇಟೆಗಾರನಂತೆ ಕಾಣುತ್ತೀರಿ. ಅನುಮಾನವಿದ್ದರೆ ಅಂದು ಎತ್ತಬೇಡಿ, ಎತ್ತುವುದಾದರೆ ಅನುಮಾನ ಬೇಡ.

ಎತ್ತಿದ ಮೇಲೆ ಹಿಡಿಯಬೇಡಿ, ಆಸರೆ ಕೊಡಿ. ಮರದ ಕೊಂಬೆ ಹಾವನ್ನು ಹಿಡಿದುಕೊಳ್ಳುವುದಿಲ್ಲ, ಹೊರುತ್ತದೆ. ಮುಂದಕ್ಕೆ ಸರಿದರೆ ಹಿಂದಿನ ಕೈಯನ್ನು ಮುಂದಕ್ಕೆ ತನ್ನಿ. ಅದು ಒಂದು ಕೈಯಿಂದ ಇನ್ನೊಂದು ಕೈಗೆ ಹರಿಯುತ್ತಿರಲಿ. ಮೊದಲ ದಿನ ಎರಡು ಮೂರು ನಿಮಿಷ. ವಾರಕ್ಕೆ ಎರಡು ಸಲ, ಹೆಚ್ಚೆಂದರೆ ಮೂರು. ತಿಂಗಳು ಕಳೆದ ಮೇಲೆ ಹತ್ತು ಹದಿನೈದು ನಿಮಿಷ. ಕೈಯಲ್ಲಿ ಉಂಡೆಯಾದರೆ ಬಿಡಿಸಲು ಹೋಗದೆ ಅಂಗೈಯಲ್ಲಿಟ್ಟುಕೊಂಡು ಕುಳಿತಿರಿ. ತಾನಾಗಿ ಬಿಚ್ಚಿ ತಲೆ ಹೊರಗಿಟ್ಟ ಕೂಡಲೇ ಪೆಟ್ಟಿಗೆಗೆ ಹಿಂದಿರುಗಿಸಿ. ಕೊಸರಾಡುವಾಗ ಇಳಿಸಿದರೆ ಕೊಸರಾಡುವುದರಿಂದ ಬಿಡುಗಡೆ ಸಿಗುತ್ತದೆ ಎಂದು ಕಲಿಯುತ್ತದೆ; ಒಂದು ಕ್ಷಣ ಶಾಂತವಾಗಲಿ, ಆಗ ಇಳಿಸಿ. ಬುಸುಗುಡುತ್ತ ಉಸಿರು ಬಿಗಿಹಿಡಿದು ಒದ್ದಾಡಿದರೆ ಮಾತ್ರ ಈ ನಿಯಮ ಬಿಟ್ಟು ತಕ್ಷಣ ಬಿಡಿ. ಹೆದರಿದ ಮರಿ ಬಾಲದ ಬುಡದಿಂದ ಕಮಟು ವಾಸನೆಯ ದ್ರವ ಬಿಡುವುದುಂಟು. ಲುಂಗಿ ತೊಳೆದರೆ ಹೋಗುತ್ತದೆ.

ಮುಟ್ಟಿದ ಮೇಲೆ ಪ್ರತಿ ಸಲವೂ ಸೋಪಿನಿಂದ ಕೈ ತೊಳೆಯಲೇಬೇಕು. ಸರೀಸೃಪಗಳ ಮೈಮೇಲೆ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರುತ್ತದೆ. ಐದು ವರ್ಷದೊಳಗಿನ ಮಕ್ಕಳ ಕೈಗೆ ಕೊಡಬೇಡಿ, ನೀರಿನ ಬಟ್ಟಲನ್ನು ಅಡುಗೆಮನೆಯ ತೊಟ್ಟಿಯಲ್ಲಿ ತೊಳೆಯಬೇಡಿ.

ಕಚ್ಚಿದರೆ

ಉಂಡೆ ನನಗೆ ಎರಡು ಸಲ ಕಚ್ಚಿದೆ. ಹೆದರಿ ಕಚ್ಚಿದ್ದು ಒಮ್ಮೆ: ತಟ್ ಎಂದು ತಾಗಿ ಬಿಟ್ಟಿತು, ಮುಳ್ಳು ತರಚಿದಂತೆ ನಾಲ್ಕು ಚುಕ್ಕಿ ರಕ್ತ. ಹಸಿದು ಕಚ್ಚಿದ್ದು ಇನ್ನೊಮ್ಮೆ: ಬಿಡಲಿಲ್ಲ, ಬೆರಳಿಗೆ ಸುತ್ತಿಕೊಂಡಿತು. ಹಲ್ಲುಗಳು ಗಂಟಲಿನತ್ತ ಬಾಗಿರುವುದರಿಂದ ಎಳೆದರೆ ನಮ್ಮ ಚರ್ಮವೂ ಹರಿಯುತ್ತದೆ, ಅದರ ಹಲ್ಲೂ ಮುರಿಯುತ್ತದೆ. ಕೈಯನ್ನು ಅಲುಗಿಸದೆ ಇಟ್ಟು, ಬಾಲದ ತುದಿಯಿಂದ ಸುರುಳಿ ಬಿಚ್ಚಿ, ತಣ್ಣೀರು ಹನಿಸಿದರೆ ಬಿಡುತ್ತದೆ. ಗಾಯವನ್ನು ಸೋಪು ನೀರಿನಿಂದ ತೊಳೆದು, ಟಿಟಿ ಚುಚ್ಚುಮದ್ದು ಹಾಕಿಸಿ ಬಹಳ ವರ್ಷವಾಗಿದ್ದರೆ ಹಾಕಿಸಿಕೊಳ್ಳಿ. ಆಮೇಲೆ ಹಾವನ್ನು ಬೈಯುವುದರಿಂದ ಉಪಯೋಗವಿಲ್ಲ; ಎರಡು ಮೂರು ದಿನ ಬಿಟ್ಟು ಮೊದಲ ಹಂತದಿಂದ ಶುರು ಮಾಡಿ.

ತಪ್ಪಿಸಿಕೊಂಡರೆ

ನಮ್ಮ ಹಂಚಿನ ಮನೆಗಳಲ್ಲಿ ಬೆರಳು ತೂರುವ ಸಂದು ಸಾವಿರ. ಕ್ಲಿಪ್ ಹಾಕಿದ್ದೇನೆ ಎಂದುಕೊಂಡ ರಾತ್ರಿಯೇ ಮರಿ ಹೊರಗೆ ಬರುತ್ತದೆ. ಮೊದಲು ನೆರೆಯವರಿಗೆ ಹೇಳಿ, ನಾಚಿಕೆ ಪಡಬೇಡಿ. ಗೊತ್ತಿಲ್ಲದೆ ಕಂಡರೆ ದೊಣ್ಣೆ ಬೀಳುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಅಂಗಳದಲ್ಲಿ, ಕಟ್ಟಿಗೆ ರಾಶಿಯಲ್ಲಿ, ಅಡಿಕೆ ಚಪ್ಪರದ ಬುಡದಲ್ಲಿ ಕಂದು ಮೈಯ, ಕಪ್ಪು ಗುರುತಿನ, ದಪ್ಪನೆಯ ಗಿಡ್ಡ ಹಾವು ಕಂಡರೆ "ನಮ್ಮದೇ" ಎಂದು ಕೈ ಹಾಕಬೇಡಿ. ಕೊಳಕುಮಂಡಲದ ಮರಿಯೂ ಕಂದು, ದಪ್ಪ, ಗಿಡ್ಡ. ಮಬ್ಬು ಬೆಳಕಿನಲ್ಲಿ ಗುರುತು ತಪ್ಪಲು ಅರೆಕ್ಷಣ ಸಾಕು, ಹುಟ್ಟಿದ ದಿನದಿಂದಲೇ ಅದಕ್ಕೆ ವಿಷವಿದೆ. ಸಾಕಿದ ಹಾವನ್ನು ದಿನವೂ ಮುಟ್ಟುವವರಿಗೇ ಈ ಅಪಾಯ ಹೆಚ್ಚು, ಕೈಗೆ ಹೆದರಿಕೆ ಬಿಟ್ಟುಹೋಗಿರುತ್ತದೆ. ಮನೆಯ ಹೊರಗಿನ ಹಾವನ್ನು ಗುರುತು ಬಲ್ಲವರು ನೋಡುವವರೆಗೆ ದೂರದಿಂದ ಕಣ್ಣಿಟ್ಟು ಕಾಯಿರಿ. ಯಾರಿಗಾದರೂ ಕಚ್ಚಿದ್ದರೆ ಗುರುತು ಪತ್ತೆಯ ಗೋಜಿಗೆ ಹೋಗದೆ 108ಕ್ಕೆ ಕರೆ ಮಾಡಿ, ಆಸ್ಪತ್ರೆಗೆ ಕರೆದೊಯ್ಯಿರಿ.

ಮನೆಯೊಳಗೆ ಹುಡುಕುವುದಾದರೆ ಬೆಚ್ಚಗಿರುವ, ಕಿರಿದಾದ, ಕತ್ತಲ ಜಾಗಗಳಿಂದ ಶುರು ಮಾಡಿ: ಫ್ರಿಜ್‌ನ ಹಿಂಬದಿ, ಅಕ್ಕಿ ಡಬ್ಬದ ಅಡಿ, ಒಲೆಯ ಹತ್ತಿರದ ಕಟ್ಟಿಗೆ ಸಂದು. ರಾತ್ರಿ ಗೋಡೆಯ ಬುಡದುದ್ದಕ್ಕೂ ಮೈದಾ ಹಿಟ್ಟನ್ನು ತೆಳ್ಳಗೆ ಉದುರಿಸಿ ದೀಪ ಆರಿಸಿ. ಬೆಳಗ್ಗೆ ಹರಿದ ಗೆರೆ ದಾರಿ ತೋರಿಸುತ್ತದೆ. ಉಂಡೆ ಒಮ್ಮೆ ಹೋದದ್ದು ಮೂರು ದಿನ ಸಿಗಲಿಲ್ಲ. ಹಿಟ್ಟಿನ ಗೆರೆ ದೇವರ ಕೋಣೆಯ ಹೊಸ್ತಿಲು ದಾಟಿ ಒಳಗೆ ಹೋಗಿತ್ತು. ಅಜ್ಜಿ ಮಾತಾಡದೆ ನನ್ನ ಮುಖ ನೋಡಿದಳು. ಗೆರೆ ಅಲ್ಲಿಂದ ಮರಳಿ ಬಂದು ಇನ್‌ವರ್ಟರ್ ಪೆಟ್ಟಿಗೆಯ ಹಿಂದೆ ನಿಂತಿತ್ತು. ಕಾಗದದ ಸುರುಳಿಯಿಂದ ತಟ್ಟಿದೆ, ಕೈ ಅಡಿಗೆ ಕೊಟ್ಟೆ. ಉಂಡೆಯಾಗಲಿಲ್ಲ. ಮೈಮೇಲಿನ ಹಿಟ್ಟಿನ ಸಮೇತ ತೋಳಿನ ಮೇಲೆ ಹರಿದು ಬಂತು.